ತೋಟದ ಲೈನುಗಳ ಹೆಣ್ಣುಮಕ್ಕಳಿಗೆ ಅವರ ಭಾಷೆಯಲ್ಲಿ ನೆರವು ಸಿಗಲಿ

ಮಾನ್ಯ ಸಂಪಾದಕರಿಗೆ,

ನವೆಂಬರ್ 25ರಿಂದ ಡಿಸೆಂಬರ್ 10ರವರೆಗೆ ಮಹಿಳೆಯರ ಮೇಲಿನ ದೌರ್ಜನ್ಯದ ವಿರುದ್ಧ ನಡೆಯುವ ಹದಿನಾರು ದಿನಗಳ ಅಭಿಯಾನ ಈಗ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗೂ ಪರಿಚಿತವಾಗಿದೆ. ಈ ಅಭಿಯಾನಕ್ಕೆ ಆ ದಿನಾಂಕ ಸಿಕ್ಕಿದ್ದು ಲ್ಯಾಟಿನ್ ಅಮೆರಿಕದಿಂದ ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೊನ ಆಳ್ವಿಕೆಯನ್ನು ಎದುರಿಸಿದ ಮಿರಾಬಾಲ್ ಮನೆತನದ ಮೂವರು ಸೋದರಿಯರನ್ನು 1960ರ ನವೆಂಬರ್ 25ರಂದು ಕೊಲ್ಲಲಾಯಿತು. 1981ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಸೇರಿದ ಆ ಭಾಗದ ಮಹಿಳಾ ಹೋರಾಟಗಾರ್ತಿಯರು ಅವರ ನೆನಪಿಗಾಗಿ ಆ ದಿನವನ್ನು ಆರಿಸಿಕೊಂಡರು. 1999ರಲ್ಲಿ ವಿಶ್ವಸಂಸ್ಥೆ ಅದಕ್ಕೆ ಮನ್ನಣೆ ಕೊಟ್ಟಿತು. ನಮ್ಮ ಮಲೆನಾಡಿನಲ್ಲಿ ಅದೇ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣಿನ ಕೊಯ್ಲು ಆರಂಭವಾಗುತ್ತದೆ. ಸಕಲೇಶಪುರ, ಬೇಲೂರು, ಆಲೂರು, ಮೂಡಿಗೆರೆ, ಕಳಸ, ಕೊಪ್ಪದ ತೋಟಗಳಿಗೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್, ಮಧ್ಯಪ್ರದೇಶಗಳಿಂದ ಸಂಸಾರ ಸಮೇತ ಕೂಲಿಕಾರರು ಬಂದಿಳಿಯುವ ಕಾಲವೂ ಇದೇ. ಜಾಥಾದ ಬ್ಯಾನರಿನ ಮೇಲಿನ ಸಹಾಯವಾಣಿಯ ಸಂಖ್ಯೆ ಯಾತಕ್ಕೆಂದು ಓದಿ ತಿಳಿಯಲಾರದ ಈ ಹೆಂಗಸರ ಪರವಾಗಿ ನಾಲ್ಕು ಮಾತು ಬರೆಯಲು ತಮ್ಮ ಪತ್ರಿಕೆಯಲ್ಲಿ ಅವಕಾಶ ಕೋರುತ್ತೇನೆ.

ನಾನು ಆರೋಗ್ಯ ಇಲಾಖೆಯಲ್ಲಿ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ಲಸಿಕೆ, ಬಾಣಂತಿ ಆರೈಕೆ, ಜ್ವರದ ಸಮೀಕ್ಷೆ ಎಂದು ತೋಟದ ಲೈನು ಮನೆಗಳಿಗೆ, ಅಂದರೆ ಕೂಲಿಕಾರರ ಸಾಲುಮನೆಗಳಿಗೆ, ಹೋಗಿ ಬರುವುದು ನನ್ನ ನಿತ್ಯದ ಕೆಲಸವಾಗಿತ್ತು. ಹೆಂಡತಿಯನ್ನು ಹೊಡೆಯುವ ಗಂಡಸರು ಹೊರರಾಜ್ಯದಿಂದ ಬಂದವರಲ್ಲಿ ಮಾತ್ರ ಇದ್ದಾರೆಂದು ಯಾರಾದರೂ ಭಾವಿಸುವುದಾದರೆ ಅದು ಶುದ್ಧ ತಪ್ಪು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಒಂದಲ್ಲ ಒಂದು ಕಾಲದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು. ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6 ಇತ್ತು. ಇಡೀ ದೇಶದ ಲೆಕ್ಕದಲ್ಲಿ ಹಿಂಸೆಗೊಳಗಾದವರ ಪೈಕಿ ನೆರವು ಕೇಳಿದವರು ಶೇ 14 ಮಾತ್ರ. ತವರು, ನೆರೆಹೊರೆ, ಭಾಷೆ, ಪರಿಚಯದ ಒಬ್ಬ ಪಂಚಾಯಿತಿ ಸದಸ್ಯ, ಇವೆಲ್ಲ ಕೈಗೆಟುಕುವಂತಿರುವ ನಮ್ಮೂರಿನ ಹೆಂಗಸರೇ ಬಾಯಿ ಬಿಡಲಾರದಾಗ, ಇವುಗಳಲ್ಲಿ ಒಂದೂ ಇಲ್ಲದವಳು ಯಾರ ಬಾಗಿಲು ತಟ್ಟಬೇಕು?

ಸೇವೆಯ ಕೊನೆಯ ವರ್ಷಗಳಲ್ಲಿ ನಾನೇ ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಆಷಾಢದ ಮಳೆ ಹಿಡಿದ ಒಂದು ಮಧ್ಯಾಹ್ನ ಆಸ್ಪತ್ರೆಯೊಂದಕ್ಕೆ ತೋಟದ ಕೆಲಸದ ಹೆಂಗಸೊಬ್ಬಳನ್ನು ಕರೆತಂದಿದ್ದರು. ಬಲಗೈ ಮಣಿಕಟ್ಟು ಊದಿಕೊಂಡಿತ್ತು, ಕಿವಿಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ಅವಳಿಗೆ ಕನ್ನಡ ಬಾರದು. ವೈದ್ಯರಿಗಾಗಲಿ ನನಗಾಗಲಿ ಅವಳ ಮಾತು ತಿಳಿಯದು. ಜೊತೆಯಲ್ಲಿ ಬಂದಿದ್ದ ಎಂಟೊಂಬತ್ತು ವರ್ಷದ ಮಗ ನಮ್ಮ ಸರ್ಕಾರಿ ಶಾಲೆಗೆ ಹೋಗುವ ಹುಡುಗನಾದ್ದರಿಂದ ಚೆನ್ನಾಗಿ ಕನ್ನಡ ಬಲ್ಲವನು. ವೈದ್ಯರು ಏನಾಯಿತೆಂದು ಕೇಳಿದಾಗ ಅವನು ಬಾಗಿಲ ಬಳಿ ನಿಂತಿದ್ದ ತಂದೆಯ ಮುಖವನ್ನೊಮ್ಮೆ ನೋಡಿ, "ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದಳು" ಎಂದ. ಆಷಾಢದಲ್ಲಿ ಮೆಣಸಿನ ಏಣಿ ಹತ್ತುವವರು ಯಾರೂ ಇಲ್ಲವೆಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗಂಡನನ್ನು ಹೊರಗೆ ಕಳುಹಿಸಿದೆವು, ಹುಡುಗನನ್ನೂ ಕಳುಹಿಸಿದೆವು. ಆದರೆ ಅವರಿಬ್ಬರೂ ಹೋದ ಮೇಲೆ ಅವಳನ್ನು ಮಾತನಾಡಿಸಬಲ್ಲವರೇ ಉಳಿಯಲಿಲ್ಲ. ಕೈಗೆ ಪಟ್ಟಿ ಹಾಕಿಸಿಕೊಂಡು ಅವಳು ಅದೇ ಗಂಡನ ಹಿಂದೆ ನಡೆದುಹೋದಳು. ಮುಂದಿನ ಬಾರಿ ನಾನು ಆ ಲೈನಿಗೆ ಹೋಗುವಷ್ಟರಲ್ಲಿ ಆ ಸಂಸಾರ ಬೇರೆ ತೋಟ ಸೇರಿತ್ತು, ಯಾವ ತೋಟವೆಂದು ಅಲ್ಲಿ ಲೆಕ್ಕ ಬರೆಯುವ ರೈಟರಿಗೂ ಗೊತ್ತಿರಲಿಲ್ಲ.

ನನ್ನ ತಂಗಿಯ ಮಗಳು ಅಮೆರಿಕದಲ್ಲಿ ಸಮಾಜಕಾರ್ಯಕರ್ತೆಯಾಗಿದ್ದಾಳೆ. ಈ ಘಟನೆಯನ್ನು ನಾನು ಅವಳಿಗೆ ಹೇಳಿದಾಗ, ಅಲ್ಲಿ ಮೆಕ್ಸಿಕೊ, ಗ್ವಾಟೆಮಾಲಾ, ಎಲ್ ಸಾಲ್ವಡಾರ್ ಮೊದಲಾದ ದೇಶಗಳಿಂದ ಬಂದ ಲ್ಯಾಟಿನೊ ಕುಟುಂಬಗಳ ಹೆಣ್ಣುಮಕ್ಕಳ ಪಾಡೂ ಬಹುಮಟ್ಟಿಗೆ ಹೀಗೆಯೇ ಇದೆಯೆಂದೂ, ಮಕ್ಕಳನ್ನು ದುಭಾಷಿಯಾಗಿ ಬಳಸಬಾರದೆಂಬುದು ಅಲ್ಲಿ ಈ ಕೆಲಸಕ್ಕೆ ಬರುವವರು ಕಲಿಯುವ ಮೊದಲ ಪಾಠಗಳಲ್ಲೊಂದೆಂದೂ ಹೇಳಿದಳು. ಆಮೇಲೆ ನಾನು ಈ ವಿಷಯವನ್ನು ಸ್ವಲ್ಪ ಓದಿಕೊಂಡೆ. 2020ರ ಜನಗಣತಿಯಂತೆ ಆ ದೇಶದಲ್ಲಿ ಲ್ಯಾಟಿನೊ ಮೂಲದವರು 6 ಕೋಟಿ 20 ಲಕ್ಷದಷ್ಟಿದ್ದಾರೆ. ತೋಟ, ಗದ್ದೆ, ಮಾಂಸ ಸಂಸ್ಕರಣಾ ಕಾರ್ಖಾನೆ, ಹೋಟೆಲು, ಕಟ್ಟಡದ ಕೆಲಸಗಳಲ್ಲಿ ದುಡಿಯುವವರಲ್ಲಿ ಅವರ ಪಾಲು ದೊಡ್ಡದು. ಅಲ್ಲಿನ ರಾಷ್ಟ್ರೀಯ ಸಮೀಕ್ಷೆಗಳ ಪ್ರಕಾರ ಲ್ಯಾಟಿನೊ ಮಹಿಳೆಯರಲ್ಲಿ ಮೂವರಿಗೆ ಒಬ್ಬರಾದರೂ ಜೀವನದಲ್ಲಿ ಒಮ್ಮೆ ಸಂಗಾತಿಯಿಂದ ಹಿಂಸೆ ಅನುಭವಿಸಿದ್ದಾರೆ.

ಕಾಗದಪತ್ರವೇ ಆಯುಧವಾಗುವುದು ಅಲ್ಲಿನ ಹಿಂಸೆಯ ವಿಶೇಷ. ಹೆಂಡತಿಯ ಪಾಸ್‌ಪೋರ್ಟು, ಮಕ್ಕಳ ಜನನ ಪತ್ರ ಎಲ್ಲವನ್ನೂ ಗಂಡ ಎತ್ತಿಟ್ಟುಕೊಳ್ಳುತ್ತಾನೆ. ಬಾಯಿ ಬಿಟ್ಟರೆ ವಲಸೆ ಅಧಿಕಾರಿಗಳಿಗೆ ಹಿಡಿದುಕೊಟ್ಟು ಗಡಿಯಾಚೆ ಕಳಿಸುತ್ತೇನೆ, ಮಕ್ಕಳು ಇಲ್ಲೇ ಉಳಿಯುತ್ತವೆ ಎಂದು ಹೆದರಿಸುತ್ತಾನೆ. ಈ ಬೆದರಿಕೆಯ ಬಲವನ್ನು ಕುಗ್ಗಿಸಲೆಂದೇ 1994ರ ಮಹಿಳಾ ದೌರ್ಜನ್ಯ ಕಾಯ್ದೆಯಲ್ಲಿ, ಅಮೆರಿಕದ ಪ್ರಜೆ ಅಥವಾ ಕಾಯಂ ನಿವಾಸಿಯನ್ನು ಮದುವೆಯಾಗಿ ಹಿಂಸೆಗೊಳಗಾದವಳು ಗಂಡನಿಗೆ ತಿಳಿಯದಂತೆ ತಾನೇ ವಾಸದ ಹಕ್ಕಿಗೆ ಅರ್ಜಿ ಹಾಕಿಕೊಳ್ಳಲು ದಾರಿ ಮಾಡಲಾಯಿತು. ಅಪರಾಧಕ್ಕೆ ಬಲಿಯಾಗಿ ತನಿಖೆಗೆ ನೆರವಾಗುವವರಿಗೆಂದು 2000ದಲ್ಲಿ ಯು ವೀಸಾ ಬಂತು. ಅದಕ್ಕೆ ವರ್ಷಕ್ಕೆ 10,000ದ ಮಿತಿಯಿದ್ದು ಸರದಿ ವರ್ಷಗಟ್ಟಲೆ ಎಳೆಯುತ್ತದೆ, ಪೊಲೀಸರ ಪ್ರಮಾಣಪತ್ರವೂ ಬೇಕು, ಹೀಗಾಗಿ ಅದನ್ನು ಪೂರ್ತಿ ಪರಿಹಾರವೆಂದು ನಾನು ಹೇಳುತ್ತಿಲ್ಲ. ಆದರೂ ಬೆದರಿಕೆ ಎಲ್ಲಿಂದ ಬರುತ್ತದೆಂದು ಗುರುತಿಸಿ ಅಲ್ಲಿಗೇ ಕಾನೂನು ಕೈ ಹಾಕಿತಲ್ಲ, ಅದು ಮುಖ್ಯ.

ನಮ್ಮ ತೋಟದ ಲೈನುಗಳ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕೆಂದು ಓದುಗರನ್ನು ಕೋರುತ್ತೇನೆ. ಇಲ್ಲಿಗೆ ಬರುವವರು ಈ ದೇಶದವರೇ. ಅವರಿಗೆ ವೀಸಾ ಬೇಡ. ಆದರೆ ಹೆಂಡತಿಯ ಆಧಾರ್ ಕಾರ್ಡು ಗಂಡನ ಕಿಸೆಯಲ್ಲೋ ಕರೆತಂದ ಮೇಸ್ತ್ರಿಯ ಬಳಿಯೋ ಇರುತ್ತದೆ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ರಾಷ್ಟ್ರೀಯ ಪೌರತ್ವ ನೋಂದಣಿಯ ಅಂತಿಮ ಪಟ್ಟಿಯಿಂದ ಸುಮಾರು 19 ಲಕ್ಷ ಜನ ಹೊರಗುಳಿದರು. ಅಂಥ ಊರುಗಳಿಂದ ಬಂದ ಬಂಗಾಳಿ ಮಾತನಾಡುವ ಹೆಣ್ಣುಮಗಳಿಗೆ "ಠಾಣೆಗೆ ಹೋಗಿ ನೋಡು, ನಿನ್ನನ್ನು ಬಾಂಗ್ಲಾದೇಶದವಳೆಂದು ಒಳಗೆ ಹಾಕಿಸುತ್ತೇನೆ" ಎಂದು ಗಂಡ ಕೂಗಾಡಿದ್ದನ್ನು, ಅಲ್ಲೇ ಇದ್ದವರು ಕನ್ನಡಕ್ಕೆ ತಿರುಗಿಸಿ ಹೇಳಿದ್ದರಿಂದ, ನಾನೇ ತಿಳಿದಿದ್ದೇನೆ. ತೋಟಕ್ಕೆ ಹೊರಗಿನವರು ಬಂದಾಗ ಅವರ ಆಧಾರ್ ಪ್ರತಿಯನ್ನು ಠಾಣೆಗೆ ಒಪ್ಪಿಸುವ ರೂಢಿ ನಮ್ಮ ಕಡೆ ಇದೆ. ಅವಳಿಗೆ ಪೊಲೀಸ್ ಠಾಣೆಯೊಂದಿಗೆ ಇರುವ ಸಂಬಂಧ ಅಷ್ಟೇ. ತನ್ನ ಗುರುತನ್ನು ಅನುಮಾನದಿಂದ ನೋಡುವ ಜಾಗವೆಂದು ತಾನು ಬಲ್ಲ ಕಡೆಗೆ ರಕ್ಷಣೆ ಕೇಳಿಕೊಂಡು ಹೋಗಲು ಯಾವ ಹೆಣ್ಣಿಗೆ ಧೈರ್ಯ ಬರುತ್ತದೆ?

ಇದರ ಮೇಲೆ ಮನೆಯ ಪ್ರಶ್ನೆ. ಲೈನು ಮನೆ ಕೆಲಸಕ್ಕೆ ಅಂಟಿಕೊಂಡದ್ದು. ತೋಟದವರು ಸಾಮಾನ್ಯವಾಗಿ ಗಂಡ ಹೆಂಡತಿ ಜೋಡಿಯನ್ನೇ ಕೆಲಸಕ್ಕೆ ಬಯಸುತ್ತಾರೆ, ಮನೆ ಗಂಡನ ಹೆಸರಿನಲ್ಲಿ ಬರೆದಿರುತ್ತದೆ, ಮುಂಗಡವನ್ನೂ ಅವನೇ ಪಡೆದಿರುತ್ತಾನೆ, ಬಟವಾಡೆಯ ದಿನ ಇಬ್ಬರ ಕೂಲಿಯನ್ನೂ ಅವನೇ ಎಣಿಸಿಕೊಂಡು ಹೋಗುವುದು ಅನೇಕ ಕಡೆ ನಡೆದುಬಂದಿದೆ. ಗಂಡನನ್ನು ಬಿಡುವುದೆಂದರೆ ಅವಳ ಪಾಲಿಗೆ ಸೂರು, ಕೂಲಿ, ಮಗುವಿನ ಶಾಲೆ, ಊರಿಗೆ ಮರಳುವ ರೈಲಿನ ಚಾರ್ಜು ಎಲ್ಲವನ್ನೂ ಒಂದೇ ದಿನ ಬಿಟ್ಟಂತೆ. ಹೊಡೆತ ತಿಂದೂ ಅವಳು ಅಲ್ಲೇ ಇರುವುದನ್ನು ಕಂಡು "ಅವರ ಕಡೆ ಇದೆಲ್ಲ ಮಾಮೂಲು" ಎಂದು ಮಾತನಾಡುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ನಮ್ಮ ಕಾನೂನು ಇಂಥವಳನ್ನು ಕೈಬಿಟ್ಟಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005ರ 27ನೇ ಸೆಕ್ಷನ್ ಪ್ರಕಾರ ಮಹಿಳೆ ತಾತ್ಕಾಲಿಕವಾಗಿ ವಾಸವಾಗಿರುವ ಅಥವಾ ಕೆಲಸ ಮಾಡುತ್ತಿರುವ ಸ್ಥಳದ ಮ್ಯಾಜಿಸ್ಟ್ರೇಟರಿಗೇ ಅರ್ಜಿ ಸಲ್ಲಿಸಬಹುದು. ಮದುವೆ ಜಾರ್ಖಂಡಿನಲ್ಲಿ ಆಗಿದ್ದರೂ ಸರಿ, ಅವಳು ಮೂಡಿಗೆರೆಯ ತೋಟದಲ್ಲಿದ್ದರೆ ಅಲ್ಲಿನ ನ್ಯಾಯಾಲಯವೇ ವಿಚಾರಿಸಬಹುದು, ಅಲ್ಲಿ ಹೊರಡಿಸಿದ ಆದೇಶ ದೇಶದ ಎಲ್ಲೆಡೆ ಜಾರಿಗೆ ಬರುತ್ತದೆ. ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ ಮೂರು ದಿನದೊಳಗೆ ಗೊತ್ತುಮಾಡಬೇಕು, ಮೊದಲ ವಿಚಾರಣೆಯಿಂದ 60 ದಿನದೊಳಗೆ ಅರ್ಜಿಯನ್ನು ಇತ್ಯರ್ಥಪಡಿಸಲು ಯತ್ನಿಸಬೇಕು ಎಂದೂ ಅದರಲ್ಲಿದೆ. ಅವಳನ್ನು ಮನೆಯಿಂದ ಹೊರಹಾಕದಂತೆ, ಅವನು ಹತ್ತಿರ ಸುಳಿಯದಂತೆ, ಜೀವನಕ್ಕೆ ಹಣ ಕೊಡುವಂತೆ, ಮಕ್ಕಳು ಅವಳ ಬಳಿಯೇ ಇರುವಂತೆ ಆದೇಶ ಪಡೆಯಬಹುದು. ಗಂಡನನ್ನು ಜೈಲಿಗೆ ಕಳಿಸಬೇಕೆಂಬ ಹಟ ಇಲ್ಲದವಳಿಗೂ, ಹೊಡೆತವೊಂದು ನಿಂತರೆ ಸಾಕೆನ್ನುವವಳಿಗೂ ಈ ಕಾಯ್ದೆ ಒದಗುತ್ತದೆ. ಇನ್ನೊಂದು ಮಾತು: ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರು ಬೇಕಾದರೂ ಈ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲವೆಂದು 4ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ತೋಟದ ರೈಟರು, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆ ಇದನ್ನು ತಿಳಿದಿರಬೇಕು.

ಕೊರತೆಯಿರುವುದು ಕಾಯ್ದೆ ಅವಳನ್ನು ತಲುಪುವ ದಾರಿಯಲ್ಲಿ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಹೊಣೆಯನ್ನು ಹೊತ್ತವರು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು (ಸಿಡಿಪಿಒ). ತಾಲ್ಲೂಕಿನ ಅಷ್ಟೂ ಅಂಗನವಾಡಿಗಳ ಉಸ್ತುವಾರಿಯ ಜೊತೆಗೆ ಇದೂ ಅವರ ತಲೆಯ ಮೇಲಿದೆ. 2015ರಿಂದ ಬಂದ ಸಖಿ ಕೇಂದ್ರಗಳು ವೈದ್ಯಕೀಯ ನೆರವು, ಆಪ್ತ ಸಮಾಲೋಚನೆ, ಕಾನೂನು ಸಲಹೆ, ಐದು ದಿನದವರೆಗಿನ ಆಶ್ರಯ ಎಲ್ಲವನ್ನೂ ಒಂದೇ ಕಡೆ ಕೊಡುವ ಒಳ್ಳೆಯ ಏರ್ಪಾಡು. ಅವು ಇರುವುದು ಜಿಲ್ಲಾ ಕೇಂದ್ರದಲ್ಲಿ. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರು. ನಮ್ಮ ಹೆಂಗಸರು ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಉಚಿತವಾಗಿ ಬಸ್ಸಿನಲ್ಲಿ ಓಡಾಡುತ್ತಾರೆ. ಆಧಾರಿನಲ್ಲಿ ಅಸ್ಸಾಮಿನ ವಿಳಾಸವಿರುವವಳು ಟಿಕೆಟ್ಟಿಗೆ ಕಾಸು ಹೊಂದಿಸಬೇಕು, ಅವಳ ಕೂಲಿಯೋ ಗಂಡನ ಕೈಯಲ್ಲಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು ಎನ್ನುತ್ತೇವೆ. ಮೊಬೈಲೂ ಗಂಡನದೇ ಆಗಿರುವಾಗ, ಮಳೆಗಾಲದಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಲೈನಿನಲ್ಲಿ ಇರುವಾಗ, ಕರೆ ಹೋದ ಮೇಲೂ ಆ ಕಡೆಯಿಂದ ಬರುವ ದನಿ ಅವಳಿಗೆ ತಿಳಿಯದ ಭಾಷೆಯದಾಗಿರುವಾಗ, ಆ ಮೂರಂಕಿಯಿಂದ ಅವಳಿಗೆ ಏನು ದಕ್ಕೀತು?

ಈ ವಿಷಯದಲ್ಲಿ ಲ್ಯಾಟಿನೊ ಮಹಿಳೆಯರ ಅನುಭವದಿಂದ ನಾವು ಕಲಿಯಬೇಕಾದದ್ದು ಬಹಳವಿದೆ. ಮಿನ್ನೆಸೋಟಾ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ 1982ರಲ್ಲಿ ಲ್ಯಾಟಿನಾ ಹೆಂಗಸರೇ ಕೂಡಿ ಕಾಸಾ ದೆ ಎಸ್ಪೆರಾನ್ಸಾ ಎಂಬ ಸಂಸ್ಥೆಯನ್ನು ಕಟ್ಟಿದರು. 2021ರಿಂದ ಅದರ ಹೆಸರು ಎಸ್ಪೆರಾನ್ಸಾ ಯುನೈಟೆಡ್. ಆಗ ಇದ್ದ ಆಶ್ರಯಧಾಮಗಳಲ್ಲಿ ಸ್ಪ್ಯಾನಿಷ್ ಮಾತ್ರ ಬಲ್ಲವಳು ನೆರವು ಪಡೆಯುವುದೇ ಕಷ್ಟವಾಗಿತ್ತು. ಆಶ್ರಯ ಕೊಡುವುದಷ್ಟೇ ಸಾಲದೆಂದು ಕಂಡ ಈ ಸಂಸ್ಥೆಯವರು ಕೇರಿಯ ಹೆಂಗಸರಲ್ಲೇ ಕೆಲವರನ್ನು ಆರಿಸಿ ತರಬೇತಿ ಕೊಟ್ಟು, ಅವರ ಮೂಲಕ ನೆರೆಹೊರೆಯವರಿಗೆ ತಿಳಿವಳಿಕೆ ಹೇಳುವ ಕ್ರಮವನ್ನು ಬೆಳೆಸಿದರು. ಮನೆಮನೆಗೆ ಹೋಗಿ ಆರೋಗ್ಯದ ವಿಷಯ ಹೇಳುವ ಪ್ರೊಮೊಟೋರಾ ಎಂಬ ಕಾರ್ಯಕರ್ತೆಯರು ಲ್ಯಾಟಿನ್ ಅಮೆರಿಕದಲ್ಲಿ ಹಿಂದಿನಿಂದಲೂ ಇದ್ದವರು, ಹೆಚ್ಚುಕಡಿಮೆ ನಮ್ಮ ಆಶಾ ಕಾರ್ಯಕರ್ತೆಯರಂತೆ. ನೆರವು ಕಚೇರಿಯಲ್ಲಿ ಕಾದು ಕೂರದೆ, ಬಟ್ಟೆ ಒಗೆಯುವಲ್ಲಿ, ಚರ್ಚಿನ ಅಂಗಳದಲ್ಲಿ, ಅಡುಗೆಮನೆಯಲ್ಲಿ ಪರಿಚಯದ ಬಾಯಿಂದ ತಲುಪಿತು. ಕುಟುಂಬವೇ ಮೊದಲೆಂದು ಬೆಳೆದವಳಿಗೆ ಬಂದ ಕೂಡಲೇ ಗಂಡನನ್ನು ಬಿಡು ಎಂದು ಹೇಳಿದರೆ ಅವಳು ಮತ್ತೆ ಬರುವುದಿಲ್ಲ. ಅವಳಿಗೆ ಏನು ಬೇಕೆಂದು ಮೊದಲು ಕೇಳಿ, ಅವಳ ಮತ್ತು ಮಕ್ಕಳ ಸುರಕ್ಷತೆಯನ್ನು ಮುಂದಿಟ್ಟು, ಅತ್ತೆ, ಅಕ್ಕ, ಪಾದ್ರಿ ಇವರಲ್ಲಿ ಯಾರು ಅವಳ ಬೆನ್ನಿಗೆ ನಿಲ್ಲಬಲ್ಲರೆಂದು ಹುಡುಕಿಕೊಂಡು ಮುಂದುವರಿಯುವುದು ಅವರು ರೂಢಿಸಿಕೊಂಡ ದಾರಿ.

ಅಲ್ಲಿಯೂ ಒಂದು ಕಷ್ಟ ಎದುರಾಯಿತು, ಅದು ನಮಗೆ ತೀರಾ ಹತ್ತಿರದ್ದು. ಲ್ಯಾಟಿನೊ ಎಂದರೆ ಎಲ್ಲರಿಗೂ ಸ್ಪ್ಯಾನಿಷ್ ಬರುತ್ತದೆಂಬ ಎಣಿಕೆ ಗ್ವಾಟೆಮಾಲಾದ ಮೂಲನಿವಾಸಿ ಹೆಂಗಸರ ವಿಷಯದಲ್ಲಿ ಸುಳ್ಳಾಯಿತು; ಅವರಲ್ಲಿ ಅನೇಕರ ಮನೆಮಾತು ಮಾಮ್, ಕಿಚೆ ಮೊದಲಾದ ಮಾಯಾ ಭಾಷೆಗಳು. ನಮ್ಮಲ್ಲಿಯೂ ಉತ್ತರದಿಂದ ಬಂದವರೆಂದರೆ ಹಿಂದಿ ಸಾಕೆಂದು ತಿಳಿಯುತ್ತೇವೆ. ಲೈನಿನಲ್ಲಿ ಕೇಳಿಬರುವುದು ಜಾರ್ಖಂಡ್ ಕಡೆಯ ಸಾದ್ರಿ, ಬಂಗಾಳಿ, ಅಸ್ಸಾಮಿ, ಸಂತಾಲಿ. ಬಹಳ ಕಾಲದಿಂದ ಇಲ್ಲೇ ನೆಲೆಸಿದ ತಮಿಳು ಮನೆಮಾತಿನವರೂ ಇದ್ದಾರೆ. ಗಂಡಸರು ಹತ್ತೂರು ತಿರುಗಿ ಹಿಂದಿ ಕಲಿತಿರುತ್ತಾರೆ, ಹೆಂಗಸರಿಗೆ ಅದೂ ಅರೆಬರೆ. ಹಿಂದಿ ಬಲ್ಲ ಒಬ್ಬರನ್ನು ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಇಲಾಖೆ ತಿಳಿಯಬಾರದು.

ಸಂಸ್ಕೃತಿಯನ್ನು ಅರಿತು ನೆರವಾಗಬೇಕೆಂದಾಗ, ಹಿಂಸೆಯನ್ನೂ ಸಂಸ್ಕೃತಿಯ ಲೆಕ್ಕಕ್ಕೆ ಸೇರಿಸಿ ಮನ್ನಿಸಬೇಕೆಂದು ಅರ್ಥವಲ್ಲ. ತೋಟದ ಅಂಗಳದಲ್ಲಿ ಮೇಸ್ತ್ರಿಯ ಮುಂದೆ ರಾಜಿ ಪಂಚಾಯಿತಿ ನಡೆಸಿ, ಗಂಡನ ಕೈಯಲ್ಲಿ "ಇನ್ನು ಕುಡಿಯುವುದಿಲ್ಲ" ಎಂದು ಹೇಳಿಸಿ, ಹೆಂಡತಿಯನ್ನು ಅದೇ ಕೋಣೆಗೆ ಕಳಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದರಿಂದ ಹೊಡೆತ ನಿಂತದ್ದನ್ನು ನೋಡಿಲ್ಲ. ಅವಳ ದೇವರು, ಊಟ, ಉಡುಗೆ, ಮಗುವಿಗೆ ಹೆಸರಿಡುವ ಕ್ರಮ, ಇವನ್ನೆಲ್ಲ ಗೌರವಿಸುವ ಆಶ್ರಯಧಾಮ ಬೇಕು. ನೆಲದ ಮೇಲೆ ಮಲಗುವ, ಮೀನಿನ ಸಾರಿಲ್ಲದೆ ಊಟ ಸೇರದ, ನಮಾಜು ಮಾಡುವ ಅಥವಾ ಭಾನುವಾರದ ಪ್ರಾರ್ಥನೆಗೆ ಹೋಗಬೇಕೆನ್ನುವ ಹೆಂಗಸಿಗೆ ಅಲ್ಲಿ ಪರಕೀಯಳೆನಿಸಿದರೆ, ಎರಡನೇ ದಿನಕ್ಕೇ ಅವಳು ಹೊಡೆಯುವವನ ಬಳಿಗೆ ಹಿಂತಿರುಗುತ್ತಾಳೆ.

ನಮ್ಮ ಕನ್ನಡದ ಹೆಣ್ಣುಮಕ್ಕಳೂ ಇಂಥ ನೆರವಿನ ಫಲ ಉಂಡವರು. ಗಂಡನ ವೀಸಾದ ಆಸರೆಯಲ್ಲಿ ಅಮೆರಿಕಕ್ಕೆ ಹೋಗಿ, ದುಡಿಯಲು ಪರವಾನಗಿಯಿಲ್ಲದೆ ನಾಲ್ಕು ಗೋಡೆಯೊಳಗೆ ಏಟು ತಿನ್ನುವ ಭಾರತೀಯ ಹೆಂಗಸರಿಗಾಗಿ ನ್ಯೂಜೆರ್ಸಿಯಲ್ಲಿ 1985ರಲ್ಲೇ ಮಾನವಿ ಎಂಬ ಸಂಸ್ಥೆ ಹುಟ್ಟಿತು. ದಕ್ಷಿಣ ಏಷ್ಯಾದ ಭಾಷೆ, ಮನೆತನದ ಮರ್ಯಾದೆಯ ಭಯ, ಅತ್ತೆಮಾವಂದಿರ ಒತ್ತಡ ಇವನ್ನು ಬಲ್ಲವರೇ ಅಲ್ಲಿ ನೆರವಿಗೆ ನಿಂತರು. ಪರದೇಶದಲ್ಲಿ ನಮ್ಮ ಮಗಳಿಗೆ ನಮ್ಮ ಮಾತು ಬಲ್ಲವರು ಸಿಗಲಿ ಎಂದು ಬಯಸುವ ನಾವು, ನಮ್ಮ ತೋಟದಲ್ಲಿ ಹಣ್ಣು ಕುಯ್ಯುವವಳಿಗೂ ಅಷ್ಟನ್ನು ಒದಗಿಸಬೇಡವೇ?

ಆಗಬೇಕಾದ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾನೂನಾಗಲಿ ಹೊಸ ಕಟ್ಟಡವಾಗಲಿ ಬೇಡ. ಎರಡೂ ಜಿಲ್ಲೆಗಳ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳು ಕೂಡಿ ಬಂಗಾಳಿ, ಅಸ್ಸಾಮಿ, ಸಾದ್ರಿ, ಸಂತಾಲಿ, ಹಿಂದಿ, ತಮಿಳು ಬಲ್ಲ ಮಹಿಳೆಯರ ಒಂದು ಪಟ್ಟಿ ಮಾಡಿ, ಸಖಿ ಕೇಂದ್ರ, ತಾಲ್ಲೂಕು ಆಸ್ಪತ್ರೆ ಮತ್ತು ಠಾಣೆಗಳಲ್ಲಿ ಅವರ ದೂರವಾಣಿ ಸಂಖ್ಯೆ ಇರುವಂತೆ ನೋಡಿಕೊಳ್ಳಬೇಕು. ಕರೆದಾಗಲೆಲ್ಲ ಅವರಿಗೆ ಸಂಭಾವನೆ ಕೊಡಬೇಕು. ಪುಕ್ಕಟೆ ಸೇವೆಯೆಂದು ಕರೆದರೆ ಕೂಲಿ ಬಿಟ್ಟು ಬರುವವರಾರು? ಗಂಡ, ಮಗು, ಮೇಸ್ತ್ರಿ, ತೋಟದ ರೈಟರು, ಇವರಲ್ಲಿ ಯಾರನ್ನೂ ಇಂಥ ಪ್ರಕರಣದಲ್ಲಿ ದುಭಾಷಿಯಾಗಿ ಬಳಸಕೂಡದೆಂದು ಆರೋಗ್ಯ ಇಲಾಖೆ ಲಿಖಿತ ಸೂಚನೆ ಕೊಡಬೇಕು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ತನ್ನ ಅರೆಕಾನೂನು ಸ್ವಯಂಸೇವಕರಲ್ಲಿ ಕೆಲವರನ್ನು ಲೈನಿನ ಹೆಂಗಸರಿಂದಲೇ ಆರಿಸಿಕೊಂಡರೆ ಆ ಹಕ್ಕು ಅವರ ಬಾಗಿಲಿಗೆ ಬರುತ್ತದೆ.

ಸಂತೆಯ ದಿನವನ್ನು ಮರೆಯಬಾರದು. ತೋಟಕ್ಕೆ ರಜೆ ಇರುವ ಆ ಒಂದು ದಿನ ಹೆಂಗಸರು ಅಕ್ಕಿ, ಒಣಮೀನು, ಸೋಪು ಕೊಳ್ಳಲು ಪೇಟೆಗೆ ಬರುತ್ತಾರೆ. ಆ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತಾಯಿ ಮಗುವಿನ ತಪಾಸಣೆಯ ಕೋಣೆಯ ಪಕ್ಕದಲ್ಲಿ, ದೌರ್ಜನ್ಯದ ಫಲಕ ತೂಗುಹಾಕದೆ, ಅವರ ಭಾಷೆ ಬಲ್ಲ ಒಬ್ಬಳನ್ನು ಎರಡು ಗಂಟೆ ಕೂರಿಸಿದರೆ ಸಾಕು. ಮಗುವಿಗೆ ಜ್ವರವೆಂದು ಹೇಳಿ ಅವಳು ಒಳಗೆ ಬರಬಹುದು. ಗಂಡನಿಗೆ ಅನುಮಾನ ಹುಟ್ಟುವುದಿಲ್ಲ.

ಬೆಳೆಗಾರರಲ್ಲಿಯೂ ನನ್ನದೊಂದು ಕಳಕಳಿಯ ವಿನಂತಿ. ತೋಟದ ಕೆಲಸಗಾರರಿಗೆ ವಸತಿ ಕೊಡುವ ಹೊಣೆಯನ್ನು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯೇ ಮಾಲೀಕರ ಮೇಲೆ ಹೊರಿಸಿತ್ತು. ಅಂಥ ಮನೆಯಲ್ಲಿ ಹಿಂಸೆ ನಡೆದಾಗ, ದೂರು ಕೊಟ್ಟವಳನ್ನೇ ಗಲಾಟೆಯವಳೆಂದು ಕೆಲಸದಿಂದ ಬಿಡಿಸಿ ಕಳಿಸುವ ಪರಿಪಾಠ ನಿಲ್ಲಬೇಕು. ಹೆಂಗಸಿನ ಕೂಲಿ ಅವಳ ಕೈಗೆ ಅಥವಾ ಅವಳದೇ ಖಾತೆಗೆ ಹೋಗಬೇಕು, ಅವಳ ಆಧಾರ್ ಅವಳ ಬಳಿ ಇರಬೇಕು, ಗಂಡನನ್ನು ದೂರವಿಡಬೇಕಾಗಿ ಬಂದರೂ ಕೊಯ್ಲು ಮುಗಿಯುವವರೆಗಾದರೂ ಅವಳಿಗೆ ಲೈನಿನಲ್ಲಿ ಪ್ರತ್ಯೇಕ ಕೋಣೆ ಮತ್ತು ಕೆಲಸ ಉಳಿಯಬೇಕು. ಕರ್ನಾಟಕ ಬೆಳೆಗಾರರ ಒಕ್ಕೂಟ, ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್‌ನಂಥ ಸಂಘಟನೆಗಳು ತಮ್ಮ ಸದಸ್ಯರಿಗೆ ಈ ಮಾತನ್ನು ಹೇಳಿದರೆ ಇಲಾಖೆಯ ಸುತ್ತೋಲೆಗಿಂತ ಬೇಗ ನಡೆಯುತ್ತದೆ. ಆಳು ಸಿಗದೆ ಹಣ್ಣು ಗಿಡದಲ್ಲೇ ಉದುರುವ ಕಷ್ಟ ಸಣ್ಣ ಬೆಳೆಗಾರರ ಮನೆಯವಳಾದ ನನಗೂ ಗೊತ್ತು. ಅಷ್ಟು ದೂರದಿಂದ ಬಂದು ನಮ್ಮ ಬೆಳೆ ಉಳಿಸಿಕೊಡುವವರ ಮೈಮೇಲಿನ ಗಾಯ ನಮ್ಮ ತೋಟದ ಗೇಟಿನೊಳಗೆ ಆದದ್ದು ಎಂಬುದನ್ನು ನಾವು ನೆನಪಿಡಬೇಕು.

ಜನವರಿಯಿಂದ ರೊಬಸ್ಟಾ ಕಾಫಿಯ ಕೊಯ್ಲು ಶುರುವಾದರೆ ಲೈನುಗಳು ಮತ್ತೂ ತುಂಬಿಕೊಳ್ಳುತ್ತವೆ. ಅಷ್ಟರೊಳಗೆ ದುಭಾಷಿಗಳ ಪಟ್ಟಿಯಾದರೂ ಸಿದ್ಧವಾಗಲಿ. ಇಲ್ಲೇ ನೆಲೆಸಿ ಕನ್ನಡ ಚೆನ್ನಾಗಿ ಕಲಿತು, ಮಕ್ಕಳನ್ನು ನಮ್ಮ ಶಾಲೆಗಳಿಗೆ ಕಳಿಸುತ್ತಿರುವ ಇಬ್ಬರು ಹೆಂಗಸರನ್ನು ನಾನು ಬಲ್ಲೆ. ಒಬ್ಬಾಕೆಯ ಮನೆಮಾತು ಬಂಗಾಳಿ, ಇನ್ನೊಬ್ಬಾಕೆಯದು ಸಾದ್ರಿ. ಈ ಕೆಲಸಕ್ಕೆ ಬರುವಿರಾ ಎಂದು ನಾನೇ ಕೇಳಿದ್ದೇನೆ, ಇಬ್ಬರೂ ಒಪ್ಪಿದ್ದಾರೆ. ಸಂಬಂಧಪಟ್ಟ ಅಧಿಕಾರಿಗಳು ತಮ್ಮ ಪತ್ರಿಕೆಯ ಮೂಲಕ ನನ್ನನ್ನು ವಿಚಾರಿಸಿದರೆ ಅವರನ್ನು ಕರೆದುಕೊಂಡು ಕಚೇರಿಗೆ ಬರಲು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮಹಿಳಾ ಆರೋಗ್ಯ ಸಹಾಯಕಿ,
ಹೆತ್ತೂರು ಹೋಬಳಿ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ